ಬೈದರೆ ಬರುವ ಖಾರ

ಗುಮಾಸ್ತರು ಬಾಳಿನಲ್ಲಿ ಯಾರಿಗೂ ಬೈದವರಲ್ಲ. ಬೈಸಿಕೊಳ್ಳುವುದೇ ಅವರ ಕಸುಬಾಗಿತ್ತು. ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು ಕೇಳಿ ಬಂದವರಿಗೆ ಕೊಡುವ ಒಂದು ಕಿಂಡಿ ಇದೆ. ಅದರ ಒಳಗೆ ಕೂರುವವರು ಇವರು. ತಮ್ಮ ಕೊಡೆಯನ್ನು ತಾವೇ ಮರೆತವರು ಬಂದು, ಕೊಡೆ ಸಿಗದಿದ್ದರೆ ಗುಮಾಸ್ತರಿಗೆ ಬೈಯುತ್ತಿದ್ದರು. ಸಿಕ್ಕರೆ, ಕಡ್ಡಿ ಮುರಿದಿದೆ ಎಂದು ಬೈಯುತ್ತಿದ್ದರು. ಗುಮಾಸ್ತರು ಎರಡಕ್ಕೂ "ಇಲ್ಲೊಂದು ಸಹಿ ಮಾಡಿ" ಎನ್ನುತ್ತಿದ್ದರು. ಇಂಥವರ ಬಾಯಿಂದ ಒಂದು ದಿನ ದೊಡ್ಡ ಮಾತು ಬಂದದ್ದೇ ಈ ಕಥೆಯ ಮೂಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಪಾರ್ಸೆಲ್ ವಿಭಾಗದವರೊಬ್ಬರು ತಮ್ಮ ಮನೆಯ ಗುಲಾಬಿಗಳ ವಿಷಯವನ್ನು ಆ ವಾರದಲ್ಲಿ ಮೂರನೆಯ ಸಲ ಹೇಳಿ ಮುಗಿಸಿ, "ನಿಮ್ಮನೇಲಿ ಏನಾದ್ರೂ ಬೆಳೀತೀರಾ?" ಎಂದು ಕೇಳಿದರು. ಏನೂ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಗುಮಾಸ್ತರು "ಮೆಣಸಿನಕಾಯಿ" ಎಂದರು. ಅದು ಗುಲಾಬಿಯ ಮುಂದೆ ಸಣ್ಣದಾಯಿತು ಅನ್ನಿಸಿ, "ಲೋಕದಲ್ಲೇ ಅತಿ ಖಾರದ್ದು" ಎಂದು ಸೇರಿಸಿದರು.

ಇಡೀ ಕಚೇರಿ ತಿರುಗಿ ನೋಡಿತು. ಯಾಕೆಂದರೆ ಗುಮಾಸ್ತರ ಬುತ್ತಿಯಲ್ಲಿ ಹಸಿಮೆಣಸಿನ ಒಂದು ಚೂರು ಕಂಡವರಿಲ್ಲ. ಪಕ್ಕದ ಮನೆಯ ಒಗ್ಗರಣೆಗೆ ಕೆಮ್ಮಿ ಮಹಡಿ ಇಳಿದು ರಸ್ತೆಯಲ್ಲಿ ನಿಲ್ಲುವ ಮನುಷ್ಯ ಅವರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾರ್ಸೆಲ್‌ನವರು ನಗುತ್ತ, "ಈ ಸಲದ ತೋಟಗಾರಿಕೆ ಪ್ರದರ್ಶನಕ್ಕೆ ನಿಮ್ಮ ಹೆಸರೂ ಕೊಡ್ತೀನಿ ಬಿಡಿ" ಎಂದರು. ಅಂದೇ ಸಂಜೆ ಗುಮಾಸ್ತರು ಬೀಜದಂಗಡಿಗೆ ಹೋದರು.

"ಇದು ಮೊಳೆಯೋಕೇ ಒಂದು ತಿಂಗಳು ತಗೊಳ್ಳುತ್ತೆ ಸಾರ್," ಎಂದ ಅಂಗಡಿಯವನು. "ಬೆಚ್ಚಗಿಡಿ. ಕಾಯಿ ಬಿಟ್ಟ ಮೇಲೆ ಬರಿಗೈಲಿ ಮುಟ್ಟಬೇಡಿ. ಇನ್ನೊಂದು ವಿಷಯ, ಗಿಡಾನ ಮುದ್ದು ಮಾಡಬೇಡಿ. ಇದಕ್ಕೆ ಕಷ್ಟ ಕೊಟ್ಟಷ್ಟೂ ಖಾರ."

ಕಷ್ಟ ಎಂದರೆ ಏನು ಎಂದು ಕೇಳಬೇಕಿತ್ತು. ಅವನು ಹೇಳಿದ್ದು ನೀರು ಕಡಿಮೆ ಹಾಕುವ ವಿಷಯ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ಒಂದು ವಿಷಯವನ್ನು ಎರಡು ಸಲ ಕೇಳುವ ಧೈರ್ಯ ಗುಮಾಸ್ತರಿಗೆ ಇರಲಿಲ್ಲ. ಅವರ ಮಟ್ಟಿಗೆ ಲೋಕದಲ್ಲಿ ಕಷ್ಟ ಎಂಬುದು ಒಂದೇ, ಅದು ಬೈಗುಳ. ಬೈಸಿಕೊಂಡ ದಿನ ತಮ್ಮ ಹೊಟ್ಟೆಯಲ್ಲಿ ಉರಿ ಏಳುವುದನ್ನು ಅವರು ಸ್ವತಃ ಕಂಡವರು. ಗಿಡಕ್ಕೂ ಹಾಗೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೊದಲ ತಿಂಗಳು ಬೈಯುವ ಪ್ರಸಂಗವೇ ಬರಲಿಲ್ಲ. ಒದ್ದೆ ಹತ್ತಿಯಲ್ಲಿ ಬೀಜ ಸುತ್ತಿ, ಡಬ್ಬಿಯಲ್ಲಿ ಹಾಕಿ, ಮನೆಯಲ್ಲಿ ಸದಾ ಬೆಚ್ಚಗಿರುವ ವೈಫೈ ಪೆಟ್ಟಿಗೆಯ ಮೇಲಿಟ್ಟರು. ಎದ್ದಾಗೊಮ್ಮೆ ಕೂತಾಗೊಮ್ಮೆ ಮುಚ್ಚಳ ತೆಗೆದು ನೋಡಿದರು. "ರೀ, ಕಾವಿಗೆ ಕೂತ ಕೋಳೀನೂ ಇಷ್ಟು ಸಲ ಎದ್ದು ನೋಡಲ್ಲ," ಎಂದಳು ಹೆಂಡತಿ. ಕೊನೆಗೆ ಬೀಜಗಳಲ್ಲಿ ಒಂದೇ ಒಂದು ಮೊಳೆಯಿತು. ಅದನ್ನು ಕುಂಡಕ್ಕೆ ಹಾಕಿ ಬಾಲ್ಕನಿಯ ಮೂಲೆಯಲ್ಲಿಟ್ಟರು, ಅತ್ತೆಯ ಬೆತ್ತದ ಕುರ್ಚಿಯ ಪಕ್ಕದಲ್ಲಿ.

ಅತ್ತೆ ಎಂದರೆ ಹೆಂಡತಿಯ ತಾಯಿ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಅವರಿಂದ ಬೈಸಿಕೊಂಡು ಕಲಿತವರಲ್ಲಿ ಒಬ್ಬಳು ಇಂದು ನ್ಯಾಯಾಧೀಶೆ. ರಸ್ತೆಯಲ್ಲಿ ಅತ್ತೆಯನ್ನು ಕಂಡರೆ ಅವಳು ಈಗಲೂ ಚಪ್ಪಲಿ ಸದ್ದಾಗದಂತೆ ನಡೆಯುತ್ತಾಳೆ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು, ಉಳಿದದ್ದು ಪಿಸುಮಾತು. ಅತ್ತೆ ಅದಕ್ಕಾಗಿ ಅತ್ತದ್ದನ್ನು ಯಾರೂ ನೋಡಲಿಲ್ಲ, ಆದರೆ ಕುರ್ಚಿ ಬಿಟ್ಟು ಏಳುವುದನ್ನು ಕಡಿಮೆ ಮಾಡಿದರು. ಗುಮಾಸ್ತರಿಗೆ ಅದನ್ನು ನೋಡಲು ಸಂಕಟವಾಗುತ್ತಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರು, ಹೆಂಡತಿಗಿಂತ ಒಂದು ತೂಕ ಹೆಚ್ಚಾಗಿಯೇ ಅತ್ತೆಯನ್ನು ಹಚ್ಚಿಕೊಂಡಿದ್ದರು.

ಗಿಡ ಒಂದು ಗೇಣು ಆದ ದಿನ ಗುಮಾಸ್ತರು ಕಚೇರಿಯಿಂದ ಬಂದು, ಕೈಕಾಲು ತೊಳೆದು, ಕುಂಡದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳಿಯಬೇಡಿ," ಎಂದರು ಗಿಡಕ್ಕೆ. "ಸ್ವಲ್ಪ ಬೇಗ ಬೆಳೆದರೆ ಉಪಕಾರ ಆಗುತ್ತೆ."

ಅತ್ತೆ ಪತ್ರಿಕೆ ಕೆಳಗಿಳಿಸಿದರು. "ಏನು ಮಾಡ್ತಿದೀರಿ ಅಳಿಯಂದ್ರೇ?"

"ಬೈತಿದೀನಿ ಅತ್ತೆ. ಕಷ್ಟ ಕೊಟ್ರೆ ಖಾರ ಬರುತ್ತಂತೆ."

"ಇದು ಬೈಯೋದಾ? ನಾನು ಯಾರೋ ರಜಾ ಅರ್ಜಿ ಓದ್ತಿದಾರೆ ಅಂದ್ಕೊಂಡೆ."

ಅಂದಿನಿಂದ ಪಾಠ ಶುರುವಾಯಿತು. ಅತ್ತೆ ಪಿಸುಗುಟ್ಟುವುದು, ಅಳಿಯ ದನಿ ಎತ್ತುವುದು. "ಕೆಟ್ಟ ಮಾತು ಬೇಡ," ಎಂದರು ಅತ್ತೆ. "ಬೈಯೋಕೆ ಬರದೇ ಇರೋರು ಕೆಟ್ಟ ಮಾತಾಡ್ತಾರೆ. ಮೊದಲು ಮಾಡಿದ ಉಪಕಾರ ಎತ್ತಿ ಆಡಿ. ಆಮೇಲೆ, ಅದಕ್ಕೆ ಪ್ರತಿಯಾಗಿ ಏನು ಬಂತು ಅಂತ ಕೇಳಿ. ಆಮೇಲೆ ಸುಮ್ಮನಾಗಿಬಿಡಿ. ಬೈಗುಳದ ಕೆಲಸ ಮಾಡೋದು ಆ ಸುಮ್ಮನಿರೋ ಹೊತ್ತು." ಹಾಗೆ ಹೇಳುವಾಗ ಅತ್ತೆಯ ಕಣ್ಣಿನಲ್ಲಿ ಹಳೆಯ ಮಿಂಚು ಕಾಣಿಸಿತು. ಅದನ್ನು ಕಂಡ ಮೇಲೆ ಗುಮಾಸ್ತರಿಗೆ ಪ್ರದರ್ಶನ, ಪಾರ್ಸೆಲ್, ಗುಲಾಬಿ ಎಲ್ಲ ಮರೆತುಹೋಯಿತು. ಸಂಜೆಯಾದರೆ ಸಾಕು, ಇಬ್ಬರೂ ಬಾಲ್ಕನಿಯಲ್ಲಿ ಹಾಜರು.

ಇಲ್ಲಿ ಬಾಲ್ಕನಿಯ ರಚನೆ ಸ್ವಲ್ಪ ಹೇಳಬೇಕು. ಅದಕ್ಕೆ ಸೊಂಟದೆತ್ತರದ ಗೋಡೆ. ಕುಂಡ ನೆಲದ ಮೇಲೆ. ಎದುರಿನ ಕಟ್ಟಡದಿಂದ ನೋಡುವವರಿಗೆ ಗಿಡ ಕಾಣುವುದಿಲ್ಲ, ಕುರ್ಚಿಯಲ್ಲಿ ಕೂತ ಅತ್ತೆಯ ನರೆತ ತಲೆ ಮತ್ತು ಅದರತ್ತ ಬೆರಳು ಆಡಿಸುತ್ತ ನಿಂತ ಅಳಿಯ, ಇಷ್ಟೇ ಕಾಣುವುದು. ಎದುರಿನ ಕಟ್ಟಡದಲ್ಲಿ, ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಕೂರುವ ಟೈಲರಮ್ಮ ಒಬ್ಬರಿದ್ದರು. ಅವರು ಒಂದು ಸಂಜೆ ಗುಂಡಿಗೆ ಕಾಜಾ ಹಾಕುತ್ತಿರುವಾಗ ಕೇಳಿದ್ದು ಇದು:

"ಇರೋಕೆ ಜಾಗ ಕೊಟ್ಟೆ. ಹಾಕಿದ್ದೆಲ್ಲ ತಿಂದ್ಕೊಂಡು ಇದ್ದಲ್ಲೇ ಇದ್ದೀಯ. ನಿನ್ನಿಂದ ಈ ಮನೆಗೆ ಇವತ್ತಿನವರೆಗೆ ಏನು ಬಂತು? ನಾಳೆಯಿಂದ ನೀರಿಲ್ಲ ನಿನಗೆ. ಬಿಸಿಲಲ್ಲೇ ಬಿದ್ದಿರು."

ಆಮೇಲೆ ಸುದೀರ್ಘ ಮೌನ. ಅತ್ತೆ ತಲೆ ಆಡಿಸಿದರು. ಅದು ಭೇಷ್ ಎಂದು ಆಡಿಸಿದ ತಲೆ, ಟೈಲರಮ್ಮನಿಗೆ ಅದು ಅಳು ನುಂಗಿಕೊಂಡಂತೆ ಕಂಡಿತು. ಅವರ ಕೈಯಲ್ಲಿದ್ದ ಸೂಜಿ ಬೆರಳಿಗೇ ಚುಚ್ಚಿತು.

ಟೈಲರಮ್ಮನ ಹತ್ತಿರ ಅಳತೆ ಕೊಡದವರು ಆ ಬೀದಿಯಲ್ಲಿ ಇರಲಿಲ್ಲ. ರವಿಕೆಯ ಅಳತೆ ತೆಗೆದುಕೊಳ್ಳುವಷ್ಟರಲ್ಲಿ ಅವರು ಒಂದು ವಿಷಯವನ್ನು ಆದಿಯಿಂದ ಅಂತ್ಯದವರೆಗೆ ಹೇಳಬಲ್ಲವರು. ವಾರ ಕಳೆಯುವಷ್ಟರಲ್ಲಿ ಬೀದಿ ಬದಲಾಯಿತು. ಗುಮಾಸ್ತರು ಬಂದರೆ ಲಿಫ್ಟಿನಲ್ಲಿದ್ದವರು ಇಳಿದು ಮೆಟ್ಟಿಲು ಹತ್ತಿದರು. ಹಾಲಿನವನು ಅಳತೆಯ ಮೇಲೆ ಒಂದು ಹನಿ ಹೆಚ್ಚು ಹಾಕಿದ. ಎಂದೂ ಬೆಂಚು ಬಿಟ್ಟು ಏಳದ ಕಾವಲುಗಾರ ಎದ್ದು ನಿಂತ. ಗುಮಾಸ್ತರಿಗೆ ಇದು ಮೆಣಸಿನ ಗಿಡದ ಮಹಿಮೆ ಅನ್ನಿಸಿತು. ಅವರು ಎದುರಾದವರಿಗೆಲ್ಲ, "ಹೂವಿಗೆ ಬಂದಿದೆ, ಇನ್ನೊಂದಿಷ್ಟು ದಿನ ಬೈದರೆ ಆಯ್ತು" ಎನ್ನುತ್ತಿದ್ದರು. ಕೇಳಿದವರು "ಆಗಲಿ ಸಾರ್" ಎಂದು ಬೇಗ ಬೇಗ ಹೋಗುತ್ತಿದ್ದರು.

ಹಗಲು ಗುಮಾಸ್ತರು ಇಲ್ಲದ ಹೊತ್ತಿನಲ್ಲಿ ಹೆಂಗಸರು ಅತ್ತೆಗೆ ಹಣ್ಣು, ಬಿಸ್ಕತ್ತು ತಂದುಕೊಡತೊಡಗಿದರು. ಕೈ ಹಿಡಿದುಕೊಂಡು "ಧೈರ್ಯವಾಗಿರಿ" ಎಂದರು. ಕಾಲ ಕೆಟ್ಟರೂ ಜನಕ್ಕೆ ಶಿಕ್ಷಕರ ಮೇಲೆ ಇನ್ನೂ ಗೌರವ ಇದೆ ಎಂದು ಅತ್ತೆ ಸಂತೋಷಪಟ್ಟು ಬಿಸ್ಕತ್ತು ತಿಂದರು.

ಹೂವು ಉದುರತೊಡಗಿದಾಗ ಗುಮಾಸ್ತರು ಬಣ್ಣದ ಕುಂಚ ತಂದು ಹೂವಿನಿಂದ ಹೂವಿಗೆ ಸವರಿದರು. ಕಾಯಿ ನಿಂತಿತು. ಮೂರೇ ಕಾಯಿ. ಮುದುಡಿ, ಸುಕ್ಕುಗಟ್ಟಿ, ತುದಿಯಲ್ಲಿ ಸಣ್ಣ ಬಾಲ. ಹಸಿರು ಹೋಗಿ ಕೆಂಪು ಏರುತ್ತಿದ್ದಂತೆ ಗುಮಾಸ್ತರ ದನಿಯೂ ಏರಿತು, ಟೈಲರಮ್ಮ ಕಿಟಕಿಯಲ್ಲಿ ನಿದ್ದೆ ಊಟ ಬಿಟ್ಟರು. ಕೊನೆಗೆ ತಡೆಯಲಾರದೆ ಅವರು ಮಾಡಿದ ಕೆಲಸ ಎರಡು. ಕಟ್ಟಡದ ಸಂಘದ ಅಧ್ಯಕ್ಷರಿಗೆ ದೂರು ಕೊಟ್ಟರು. ಅತ್ತೆಯ ಮಗನ ಫೋನ್ ನಂಬರು ಹುಡುಕಿ ಅವನಿಗೂ ಹೇಳಿದರು.

ಈ ಮಗ, ಅಂದರೆ ಗುಮಾಸ್ತರ ಭಾವ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಎಷ್ಟೋ ವರ್ಷದಿಂದ ಅದೇ ಕೆಲಸ ಮಾಡಿ, ಎದುರಿಗೆ ಬಂದವರೆಲ್ಲ ಟಿಕೆಟ್ ಇಲ್ಲದೆ ಹತ್ತಿದವರು ಎಂಬ ನಂಬಿಕೆ ಅವನಿಗೆ ಗಟ್ಟಿಯಾಗಿತ್ತು. ತಂಗಿಯ ಮದುವೆ ಮನೆಯಲ್ಲಿ ಹುಡುಗನನ್ನು ಪರಿಚಯಿಸಿದಾಗಲೂ "ತೋರಿಸು" ಎಂದವನಂತೆ. ಮನೆಯಲ್ಲಿ ಒಂದು ಕೋಣೆ ಹೆಚ್ಚಿದ್ದರೂ ಅಮ್ಮನನ್ನು ಕರೆದುಕೊಂಡು ಹೋಗಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಸಿಕ್ಕಿತು.

ಅಧ್ಯಕ್ಷರು ಫೋನು ಮಾಡಿ, "ಭಾನುವಾರ ನಿಮ್ಮನೆಗೆ ಸರ್ಕಾರದಿಂದ ಒಬ್ಬರು ಮೇಡಂ ಬರ್ತಾರೆ. ಯಾವ ವಿಷಯ ಅಂತ ನಿಮಗೇ ಗೊತ್ತು" ಎಂದಷ್ಟೇ ಹೇಳಿದರು. ಗುಮಾಸ್ತರಿಗೆ ಗೊತ್ತಿತ್ತು. ಪ್ರದರ್ಶನದವರು. ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ ಕಾದರು.

ಬಂದವರು ಹಿರಿಯರ ಕಲ್ಯಾಣ ಕಚೇರಿಯ ಅಧಿಕಾರಿ, ಅಧ್ಯಕ್ಷರು, ಮತ್ತು ಮೀಸೆ ತಿರುವುತ್ತ ಭಾವ. ಭಾವನನ್ನು ಕಂಡು ಗುಮಾಸ್ತರಿಗೆ ಹಿಗ್ಗಾಯಿತು. ತಮ್ಮ ಮೆಣಸಿನಕಾಯಿ ನೋಡಲು ಅಷ್ಟು ದೂರದಿಂದ ಬಂದರಲ್ಲ ಎಂದುಕೊಂಡರು. ಅತ್ತೆ ಒಳಗೆ ಮಲಗಿದ್ದರು, ಹೆಂಡತಿ ಚಹಾಕ್ಕೆ ಇಟ್ಟಳು.

"ನೇರವಾಗಿ ಕೇಳ್ತೀನಿ," ಎಂದರು ಮೇಡಂ. "ನೀರು ಎಷ್ಟು ದಿನಕ್ಕೊಂದು ಸಲ ಕೊಡ್ತೀರಿ?"

"ಅದಕ್ಕಾ ಮೇಡಂ? ಪೂರ್ತಿ ಬಾಡಿದ ಮೇಲೆ ಮಾತ್ರ. ಮೊದಲೇ ಕೊಟ್ರೆ ಸೊಕ್ಕು ಬರುತ್ತೆ."

ಅಧ್ಯಕ್ಷರು ಭಾವನ ಕಿವಿಯಲ್ಲಿ, "ಹಿರಿಯರನ್ನ 'ಅದು' ಅಂತಿದಾನೆ" ಎಂದರು.

"ಊಟಕ್ಕೆ?"

"ಒಂದು ಹಿಡಿ ಬೂದಿ, ಮೊಟ್ಟೆ ಸಿಪ್ಪೆ ಪುಡಿ. ಅಡುಗೆಮನೆ ಕಸಾನೂ ಹಾಕ್ತೀವಿ."

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. "ಮಲಗೋದು ಎಲ್ಲಿ?"

"ಬಾಲ್ಕನೀಲೇ. ಚಳಿ ಜಾಸ್ತಿ ಆದ್ರೆ ಒಂದು ಗೋಣಿಚೀಲ ಹೊದಿಸ್ತೀನಿ. ಒಳಗೆ ತಂದ್ರೆ ಹುಳ ಬರುತ್ತೆ ಅಂತಾಳೆ ನಮ್ಮವಳು."

"ಮಗಳೇ ಅಂತಾಳಾ," ಎಂದ ಭಾವ.

"ಕೈ ಮಾಡೋದೂ ಉಂಟಾ?" ಎಂದರು ಮೇಡಂ, ದನಿ ತಗ್ಗಿಸಿ.

"ಕೈ ಮಾಡದೆ ಆಗುತ್ತಾ ಮೇಡಂ? ಆಗಾಗ ಚಿವುಟಲೇಬೇಕು. ಚಿವುಟಿದಷ್ಟೂ ಚಿಗುರುತ್ತೆ. ಬೈಯೋದು ದಿನಾ ಸಂಜೆ. ಹೇಗೆ ಬೈಬೇಕು ಅಂತ ಹೇಳಿಕೊಟ್ಟಿದ್ದು ನಮ್ಮತ್ತೆನೇ, ಅವರ ಉಪಕಾರ ಮರೆಯೋ ಹಾಗಿಲ್ಲ."

ಈ ಕೊನೆಯ ಮಾತು ಮೂವರಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು, "ರೀ," ಎಂದಳು. "ಅವರು ಕೇಳ್ತಿರೋದು ಗಿಡದ ವಿಷಯ ಅಲ್ಲ. ಅಮ್ಮನ ವಿಷಯ."

ಗುಮಾಸ್ತರು ಒಮ್ಮೆ ಮೇಡಂ ಮುಖ ನೋಡಿದರು, ಒಮ್ಮೆ ಭಾವನ ಮುಖ. ತಾವು ಹೇಳಿದ್ದೆಲ್ಲ ಬೂದಿಯಿಂದ ಹಿಡಿದು ಗೋಣಿಚೀಲದವರೆಗೆ ಒಂದೊಂದಾಗಿ ನೆನಪಿಗೆ ಬಂತು. ಕೂತಲ್ಲೇ ಬೆವರಿ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಎಲ್ಲರೂ ಬಾಲ್ಕನಿಗೆ ಹೋದರು. ಗಿಡ ನೋಡಿದರು. ಗದ್ದಲಕ್ಕೆ ಅತ್ತೆಯೂ ಎದ್ದು ಬಂದು ಕುರ್ಚಿಯಲ್ಲಿ ಕೂತರು. ಮೇಡಂ ಅರ್ಧ ನಂಬಿದಂತೆ ಕಂಡಿತು. ಭಾವ ನಂಬುವವನಲ್ಲ. "ಗಿಡಕ್ಕೆ ಬೈದೆ ಅಂತೀಯಲ್ಲ, ತೋರಿಸು. ಈಗ ಬೈ ನೋಡೋಣ."

ಗುಮಾಸ್ತರು ಕುಂಡದ ಮುಂದೆ ನಿಂತರು. ಬಾಯಿ ತೆರೆದರು. ಇಷ್ಟು ಜನರ ಮುಂದೆ ಅವರ ಬಾಯಿಂದ ಬಂದದ್ದು ಒಂದೇ ಮಾತು: "ದಯವಿಟ್ಟು…"

"ಕೇಳಿದ್ರಾ ಮೇಡಂ?" ಎಂದ ಭಾವ. ಬಗ್ಗಿ, ಕೆಂಪಗೆ ಹಣ್ಣಾದ ಒಂದು ಕಾಯಿ ಕಿತ್ತುಕೊಂಡ. "ಬೈಯೋಕೇ ಬರದವನು ಇಷ್ಟು ದಿನ ಬೈದದ್ದು ಗಿಡಕ್ಕಂತೆ. ಇದನ್ನ ನಂಬೋಕೆ ನನಗೇನು ತಲೆ ಕೆಟ್ಟಿದೆಯಾ? ಅಮ್ಮ, ಬಟ್ಟೆ ತುಂಬ್ಕೋ. ಇವತ್ತೇ ನಮ್ಮನೆಗೆ."

ಅತ್ತೆ ಏನೋ ಹೇಳಲು ಹೋದರು. ಪಿಸುಮಾತು ಬಾಲ್ಕನಿಯ ಗಾಳಿಯಲ್ಲಿ ಕೇಳಿಸಲಿಲ್ಲ. ಕೈಯಿಂದ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೋಡಿ ಮೇಡಂ," ಎಂದ ಭಾವ, ಕಾಯಿಯನ್ನು ಮುಷ್ಟಿಯಲ್ಲಿ ಹಿಸುಕುತ್ತ. "ಶಾಲೆ ಗೇಟಿನವರೆಗೆ ಕೇಳೋ ದನಿ ನಮ್ಮಮ್ಮಂದು. ಹೇಗೆ ಹೆದರಿಸಿಟ್ಟಿದಾನೆ ಅಂದ್ರೆ, ದನೀನೇ ಅಡಗಿಹೋಗಿದೆ."

ಅತ್ತೆ ತಲೆ ತಗ್ಗಿಸಿದರು. ಗುಮಾಸ್ತರು ಅದನ್ನು ನೋಡಿದರು. ಆಪರೇಷನ್ನಿನ ಬೆಳಿಗ್ಗೆ, ಬಾಗಿಲು ಮುಚ್ಚುವ ಮೊದಲು ಅತ್ತೆ ಕೊನೆಯ ಸಲ ಗಟ್ಟಿ ದನಿಯಲ್ಲಿ ಕೂಗಿ ಕೇಳಿದ್ದು ಈ ಮಗ ಬಂದನೇ ಎಂದು. ಅದು ನೆನಪಾಗಿ ಅವರಿಗೆ ಕೋಪ ಬಂತು. ಜೀವಮಾನದ ಮೊದಲ ಕೋಪ ಆದ್ದರಿಂದ ಅದು ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಒಂದು ಕ್ಷಣ ತಡವರಿಸಿತು, ಆಮೇಲೆ ದಾರಿ ಸಿಕ್ಕಿತು.

"ಭಾವ, ದನಿ ಹೋಗಿ ಎರಡು ವರ್ಷ ಆಯ್ತು. ಗಂಟಲು ಆಪರೇಷನ್ ಆಗಿದೆ. ನಾನೇ ನಿಮಗೆ ಮೆಸೇಜ್ ಮಾಡಿ ತಿಳಿಸಿದ್ದೆ. ನೀವು ಹೆಬ್ಬೆರಳಿನ ಚಿತ್ರ ಕಳಿಸಿದ್ರಿ."

ಭಾವ ಬಾಯಿ ತೆರೆದ. ಗುಮಾಸ್ತರು ಬಿಡಲಿಲ್ಲ.

"ನಿಮಗೆ ಅಕ್ಷರ ಕಲಿಸಿದ್ದು ಆ ಗಂಟಲು. ನೀವು ಜ್ವರ ಬಂದು ಮಲಗಿದಾಗ ಪಕ್ಕದಲ್ಲಿ ಕೂತು ಕಥೆ ಹೇಳಿದ್ದು ಆ ಗಂಟಲು. ನಿಮ್ಮ ಫೀಸು ಕಟ್ಟೋಕೆ ಸಂಜೆ ಪಾಠ ಹೇಳಿ ಹೇಳಿ ಕೆಟ್ಟಿದ್ದೂ ಅದೇ. ಅದಕ್ಕೆ ಪ್ರತಿಯಾಗಿ ನಿಮ್ಮಿಂದ ಏನು ಬಂತು? ದಿನಾ ಎಷ್ಟು ಬಸ್ಸು ಹತ್ತಿ ಇಳೀತೀರಿ. ಈ ಬೀದಿಗೆ ಬರೋ ಬಸ್ಸು ಒಂದೂ ಸಿಗಲಿಲ್ವಾ? ಬಂದವರನ್ನೆಲ್ಲ ತೋರಿಸು ತೋರಿಸು ಅಂತೀರಿ. ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಂತ ಬಂದಿದೀರಲ್ಲ, ನಿಮ್ಮ ಹತ್ತಿರ ಏನಿದೆ, ತೋರಿಸಿ."

ಅಲ್ಲಿಗೆ ಸುಮ್ಮನಾದರು. ಎದುರಿನ ಕಟ್ಟಡದಲ್ಲಿ ಹೊಲಿಗೆ ಯಂತ್ರದ ಸದ್ದೂ ನಿಂತಿತ್ತು. ಅಧ್ಯಕ್ಷರು ತಮ್ಮ ತಾಯಿಗೆ ಫೋನು ಮಾಡಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತ ನೆಲ ನೋಡಿದರು. ಆ ಸುಮ್ಮನಿರುವ ಹೊತ್ತಿನಲ್ಲಿ ಭಾವನ ಮೀಸೆ ಮೊದಲು ನಡುಗಿತು, ಆಮೇಲೆ ತುಟಿ. ಅಷ್ಟು ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ತುಂಬಿತು. ಅವನು ಮುಖ ತಿರುಗಿಸಿ, ಮುಷ್ಟಿ ಬಿಚ್ಚಿ, ಕೈಯಿಂದ ಎರಡೂ ಕಣ್ಣು ಒರೆಸಿಕೊಂಡ.

"ಕೈ," ಎಂದರು ಗುಮಾಸ್ತರು. "ಭಾವ, ಆ ಕೈ ಬೇಡ."

ತಡವಾಗಿತ್ತು. ಮುಂದಿನದನ್ನು ವಿವರಿಸುವುದು ಕಷ್ಟ. ಗಿಡಕ್ಕೆ ಕೊಟ್ಟ ಕಷ್ಟ ಒಂದಿಷ್ಟೂ ವ್ಯರ್ಥವಾಗಿರಲಿಲ್ಲ ಎಂದಷ್ಟು ಹೇಳಬಹುದು. ಭಾವನ ಕೂಗಿಗೆ ಎರಡೂ ಕಟ್ಟಡದ ಕಿಟಕಿಗಳು ತೆರೆದುಕೊಂಡವು. ಅಧ್ಯಕ್ಷರು ನೀರು ತಂದರು, ಹೆಂಡತಿ ಹಾಲು ತಂದಳು, ಮೇಡಂ ಫೈಲಿನಿಂದ ಗಾಳಿ ಹಾಕಿದರು. ಕುರ್ಚಿ ಬಿಟ್ಟು ಸುಲಭಕ್ಕೆ ಏಳದ ಅತ್ತೆ ಎದ್ದು ಬಂದು ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಕಣ್ಣಿಗೆ ಕಟ್ಟಿದರು. "ಅಮ್ಮಾ ಉರಿ," ಎಂದ ಅವನು. ಅತ್ತೆ ಅವನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದರು. ಅಷ್ಟು ಹತ್ತಿರಕ್ಕೆ ಪಿಸುಮಾತು ಸಾಕಾಗಿತ್ತು.

ಮೇಡಂ ಹೊರಡುವಾಗ ಗುಮಾಸ್ತರಿಗೆ ಹೇಳಿದರು: "ದೂರಿನಲ್ಲಿ ಸತ್ವ ಇಲ್ಲ ಅಂತ ಬರೀತೀನಿ. ಈ ಮನೇಲಿ ಬೈಸಿಕೊಂಡವರು ಒಬ್ಬರೇ, ಅವರಿಗೆ ಇನ್ನೂ ಅರವತ್ತಾಗಿಲ್ಲ. ನಮ್ಮ ಕಚೇರಿಗೆ ಬರೋ ಕೇಸಲ್ಲ."

ಡಾಕ್ಟರು ಬಂದು ನೋಡಿ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ ಎಂದರು. ಬೆಳಗಾಯಿತು. ಭಾವ "ಇನ್ನೂ ಸ್ವಲ್ಪ ಉರಿ ಇದೆ" ಎಂದು ಬಟ್ಟೆ ಕಟ್ಟಿಕೊಂಡೇ ಬಾಲ್ಕನಿಯಲ್ಲಿ ಅಮ್ಮನ ಪಕ್ಕ ಕೂತ. ಮರುದಿನವೂ ಕೂತ. ವಾರ ಕಳೆಯಿತು. ಪ್ರದರ್ಶನ ಬಂತು, ಉಳಿದೆರಡು ಕಾಯಿಗೆ ಸಮಾಧಾನಕರ ಬಹುಮಾನವೂ ಬಂತು, ಗುಲಾಬಿಗೆ ಏನೂ ಬಾರದ ಪಾರ್ಸೆಲ್‌ನವರು ಮಾತು ಬಿಟ್ಟರು. ಭಾವ ಮಾತ್ರ ಏಳಲಿಲ್ಲ. ಅತ್ತೆ ಅವನ ಕಿವಿಯ ಹತ್ತಿರ ಪತ್ರಿಕೆ ಓದುತ್ತಿದ್ದರು, ಅವನು ಹೂಂಗುಟ್ಟುತ್ತಿದ್ದ. ಟೈಲರಮ್ಮ ತಮ್ಮ ಗಿರಾಕಿಗಳಿಗೆ, ಗುಮಾಸ್ತ ಈ ಸಲ ಭಾವನ ಕಣ್ಣನ್ನೇ ತೆಗೆದ ಎಂದು ಹೇಳುತ್ತಿದ್ದರು.

"ರೀ, ಅಣ್ಣನ ಕಣ್ಣಿಗೆ ಏನೂ ಆಗಿಲ್ಲ," ಎಂದಳು ಹೆಂಡತಿ ಒಂದು ಮಧ್ಯಾಹ್ನ. "ಬಟ್ಟೆ ಸರಿಸಿ ಟಿವಿ ನೋಡ್ತಾನೆ. ಒಂದೊಂದು ಹೊತ್ತಿಗೆ ನಾಲ್ಕು ಜನರ ಊಟ ಮಾಡ್ತಾನೆ. ಹೇಗಿದ್ರೂ ಬೈಯೋದು ಕಲಿತಿದೀರಲ್ಲ, ಹೋಗಿ ಬೈದು ಕಳಿಸಿ."

ಗುಮಾಸ್ತರಿಗೆ ಅದು ನ್ಯಾಯವಾಗಿ ಕಂಡಿತು. ಮಾಡಿದ ಉಪಕಾರ ಏನೇನು ಎತ್ತಿ ಆಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಾಲ್ಕನಿಗೆ ಹೋದರು. ಅತ್ತೆ ಪತ್ರಿಕೆ ಓದುತ್ತ ಓದುತ್ತ ನಿದ್ದೆ ಹೋಗಿದ್ದರು, ತಲೆ ಮಗನ ಭುಜದ ಮೇಲಿತ್ತು. ಭಾವ ಅಲುಗಾಡದೆ, ಉಸಿರು ಬಿಗಿಹಿಡಿದು ಕೂತಿದ್ದ. ಒಂದು ಕಣ್ಣಿನ ಬಟ್ಟೆ ಸರಿಸಿ, ಶಬ್ದ ಮಾಡಬೇಡ ಎಂಬಂತೆ ಗುಮಾಸ್ತರನ್ನು ನೋಡಿದ.

ಗುಮಾಸ್ತರು ಸದ್ದಾಗದಂತೆ ಹಿಂದೆ ಸರಿದರು. ಆಮೇಲೆ ಒಳಗೆ ಹೋಗಿ ಹೆಂಡತಿಗೆ, "ಇನ್ನೊಂದು ಲೋಟ ಅಕ್ಕಿ ಹಾಕು," ಎಂದರು.